ಚೀಲದ ಬೆಲೆ ಯಾರ ಗಲ್ಲಾಪೆಟ್ಟಿಗೆಗೆ?

ಅಂಗಡಿಗೆ ಬಂದ ಗಿರಾಕಿಗೆ ಪ್ಲಾಸ್ಟಿಕ್ ಚೀಲವನ್ನು ಪುಕ್ಕಟೆಯಾಗಿ ಕೊಡಬೇಕೋ, ಅದಕ್ಕೆ ಬೇರೆ ಬೆಲೆ ಹಿಡಿಯಬೇಕೋ, ಇಲ್ಲವೆ ಕೊಡಲೇಕೂಡದೋ ಎಂಬ ಚರ್ಚೆ ಬೆಂಗಳೂರಿನ ದೊಡ್ಡ ಮಳಿಗೆಗಳಿಗೆ ಮಾತ್ರ ಸೇರಿದ್ದಲ್ಲ. ದೇವಸಮುದ್ರದ ಕಿರಾಣಿ ಅಂಗಡಿಯ ಕಟ್ಟೆಗೂ, ಚಳ್ಳಕೆರೆಯ ಎಣ್ಣೆ ಗಿರಣಿಯ ಬಾಗಿಲಿಗೂ ಅದು ಸೇರಿದ್ದು. ‘ಬೆಲೆ ಹಾಕಿದರೇನೇ ಜನಕ್ಕೆ ಬುದ್ಧಿ ಬರುವುದು’ ಎನ್ನುವವರು ಒಂದು ಕಡೆ. ‘ಇದು ಹಗಲು ದರೋಡೆ’ ಎನ್ನುವವರು ಇನ್ನೊಂದು ಕಡೆ. ಎರಡು ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಆದರೆ ಬೆಲೆ ಎಂದ ಮೇಲೆ ಅದನ್ನು ಕೊಡುವವನು ಯಾರು, ಪಡೆಯುವವನು ಯಾರು ಎಂದು ಕೇಳುವುದು ಸಮಾಜವಾದಿಗಳಾದ ನಮ್ಮ ಧರ್ಮ. ಆ ಪ್ರಶ್ನೆಯನ್ನು ಇಲ್ಲಿ ಕೇಳುತ್ತೇವೆ.

ಮೊದಲು ಹಾನಿಯ ಮಾತು. ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕುಗಳು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಕ್ಕೆ ಸೇರಿದವು. ನಮ್ಮ ಹಿರಿಯರು ಊರಿನ ಹೆಸರಿಗೆ ‘ಸಮುದ್ರ’ ಎಂದು ಸೇರಿಸಿದ್ದು ಕೆರೆಯನ್ನು ನೋಡಿಯೇ ಹೊರತು ಕಡಲನ್ನು ನೋಡಿ ಅಲ್ಲ. ಇಂಥ ಸೀಮೆಯಲ್ಲಿ ವರ್ಷಕ್ಕೆ ನಾಲ್ಕು ಸಲ ಹರಿಯುವ ಹಳ್ಳದ ಬಾಯಿಗೆ, ತೂಬಿಗೆ, ಚರಂಡಿಗೆ ಪ್ಲಾಸ್ಟಿಕ್ ಕವರು ಸಿಕ್ಕಿಕೊಂಡರೆ ಬಿದ್ದ ಮಳೆಯೂ ನಮ್ಮದಾಗುವುದಿಲ್ಲ. ಇನ್ನು ದನಗಳ ಪಾಡು. ಮ್ಯಾಸ ನಾಯಕರ ದೇವರ ಎತ್ತುಗಳನ್ನು ಕಿಲಾರಿಗಳು ಮೇಯಿಸುವ ನಾಡಿದು. ಮೇವಿಲ್ಲದ ಬೇಸಿಗೆಯಲ್ಲಿ ಹಸಿದ ದನ ಅನ್ನದ, ಉಪ್ಪಿನ ವಾಸನೆ ಹಿಡಿದು ತಿಪ್ಪೆಯ ಕವರನ್ನು ನುಂಗುತ್ತದೆ. ಅದು ಜೀರ್ಣವಾಗುವುದೂ ಇಲ್ಲ, ಹೊರಗೆ ಹೋಗುವುದೂ ಇಲ್ಲ. ಹೊಟ್ಟೆಯಲ್ಲಿ ಉಂಡೆ ಕಟ್ಟುತ್ತದೆ. ಮೆಲುಕು ನಿಲ್ಲುತ್ತದೆ, ದನ ಸೊರಗುತ್ತದೆ. ಹೊಟ್ಟೆ ಕೊಯ್ದು ತೆಗೆಯದ ಹೊರತು ಬೇರೆ ದಾರಿಯಿಲ್ಲ. ಆದುದರಿಂದ ಕವರು ಹೋಗಬೇಕೆಂಬ ವಿಚಾರದಲ್ಲಿ ನಮಗೆ ಎರಡು ಮನಸ್ಸಿಲ್ಲ.

ಆದರೆ ಅದನ್ನು ಹೋಗಲಾಡಿಸಲು ಸರ್ಕಾರಗಳು ಹಿಡಿದ ದಾರಿ ಯಾವುದು? 2011ರಲ್ಲಿ ಕೇಂದ್ರ ಸರ್ಕಾರದ ನಿಯಮ ಬಂದಿತು: ಯಾವ ಅಂಗಡಿಯವನೂ ಪ್ಲಾಸ್ಟಿಕ್ ಚೀಲವನ್ನು ಪುಕ್ಕಟೆ ಕೊಡಕೂಡದು, ಅದಕ್ಕೆ ಬೆಲೆ ಹಿಡಿಯತಕ್ಕದ್ದು. ಆ ಹಣ ಅಂಗಡಿಯಲ್ಲೇ ಉಳಿಯಿತು. ಕೆರೆಗೂ ಬರಲಿಲ್ಲ, ಕಸ ಎತ್ತುವವರಿಗೂ ಬರಲಿಲ್ಲ. 2016ರ ಮಾರ್ಚಿಯಲ್ಲಿ ಹೊಸ ನಿಯಮ ಬಂದಿತು: ಚೀಲ ಕೊಡಲಿಚ್ಛಿಸುವ ಅಂಗಡಿಯವನೂ ಬೀದಿ ವ್ಯಾಪಾರಿಯೂ ಸ್ಥಳೀಯ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ ತಿಂಗಳಿಗೆ ಕನಿಷ್ಠ 4,000 ರೂಪಾಯಿಯಂತೆ ವರ್ಷಕ್ಕೆ 48,000 ರೂಪಾಯಿ ಕಟ್ಟಬೇಕು! ದಿನಕ್ಕೆ 133 ರೂಪಾಯಿ. ಹವಾನಿಯಂತ್ರಿತ ಮಳಿಗೆಯವನಿಗೆ ಇದು ಒಂದು ದೀಪದ ಖರ್ಚು. ತಳ್ಳುಗಾಡಿಯಲ್ಲಿ ಟೊಮೆಟೊ ಮಾರುವವಳಿಗೆ ಅದು ದಿನದ ಲಾಭವೇ. ಒಂದೇ ದರವನ್ನು ಆನೆಗೂ ಇರುವೆಗೂ ಹಾಕುವುದನ್ನು ಸಮಾನತೆ ಎನ್ನಲಾಗದು. ಆ ನಿಯಮವನ್ನು 2018ರ ಮಾರ್ಚಿಯಲ್ಲಿ ಸರ್ಕಾರವೇ ಕೈಬಿಟ್ಟಿತು.

ಅಷ್ಟರಲ್ಲಿ ನಮ್ಮ ರಾಜ್ಯ ಸರ್ಕಾರ 2016ರ ಮಾರ್ಚಿ 11ರ ಆಜ್ಞೆಯಿಂದ, ದಪ್ಪ ತೆಳುವೆಂದು ನೋಡದೆ, ಪ್ಲಾಸ್ಟಿಕ್ ಕೈಚೀಲವನ್ನೇ ನಿಷೇಧಿಸಿತ್ತು. ಕೇಂದ್ರದ ನಿಯಮ ಮಾತ್ರ ದಪ್ಪದ ಲೆಕ್ಕದಲ್ಲೇ ನಡೆಯಿತು: 2011ರಲ್ಲಿ 40 ಮೈಕ್ರಾನ್, 2016ರಲ್ಲಿ 50, 2021ರ ಸೆಪ್ಟೆಂಬರ್ ಕೊನೆಯಿಂದ 75, 2022ರ ಡಿಸೆಂಬರ್ ಕೊನೆಯಿಂದ 120. ಅಂದರೆ ಕೇಂದ್ರದ ಕಣ್ಣಿನಲ್ಲಿ 120 ಮೈಕ್ರಾನಿನ ಚೀಲ ಸಾಧು, ಕರ್ನಾಟಕದ ಕಣ್ಣಿನಲ್ಲಿ ಅದು ಅಪರಾಧ. ಗಡಿಯ ಹೋಬಳಿಯಾದ ದೇವಸಮುದ್ರದ ವ್ಯಾಪಾರಿ ಯಾವ ಕಣ್ಣಿಗೆ ಹೆದರಬೇಕು? ಸೂಕ್ಷ್ಮಮಾಪಕ ಹಿಡಿದು ಮೈಕ್ರಾನ್ ಅಳೆಯುವ ಸಾಧನ ಯಾವ ಕಿರಾಣಿ ಅಂಗಡಿಯಲ್ಲಿದೆ? ಕಟ್ಟಿನ ಮೇಲೆ ಅಚ್ಚಾದುದನ್ನು ನಂಬಿ ಆತ ಕೊಳ್ಳುತ್ತಾನೆ. ದಾಳಿಯಾದಾಗ ದಂಡ ತೆರುವವನೂ ಅವನೇ. ಆ ಕವರು ತಯಾರಿಸಿದ ಕಾರ್ಖಾನೆಯ ಬಾಗಿಲಿಗೆ ಅಷ್ಟೇ ಉತ್ಸಾಹದಿಂದ ಅಧಿಕಾರಿಗಳು ಹೋಗುವುದನ್ನು ನಾವು ಕಾಣೆವು. ಇದು ಕೊಂಬೆಗೆ ಕೊಡಲಿ ಹಾಕಿ ಬೇರಿಗೆ ನೀರೆರೆಯುವ ನೀತಿ.

ದೊಡ್ಡ ಮಳಿಗೆಗಳ ಜಾಣತನವನ್ನೂ ನೋಡಿ. ಪರಿಸರದ ಹೆಸರಿನಲ್ಲಿ ಅವು ಕಾಗದದ, ಬಟ್ಟೆಯ ಚೀಲಕ್ಕೂ ಬೆಲೆ ಹಿಡಿದವು. ಚೀಲದ ಮೇಲೆ ತಮ್ಮದೇ ಕಂಪನಿಯ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದವು. ಗಿರಾಕಿ ಹಣವನ್ನೂ ಕೊಟ್ಟು ಬೀದಿಯುದ್ದಕ್ಕೂ ಅವರ ಜಾಹೀರಾತನ್ನೂ ಹೊರಬೇಕು! 2019ರಲ್ಲಿ ಚಂಡೀಗಢದ ಗ್ರಾಹಕ ವೇದಿಕೆಯು ಕಾಗದದ ಚೀಲಕ್ಕೆ 3 ರೂಪಾಯಿ ಹಿಡಿದ ಒಂದು ದೊಡ್ಡ ಪಾದರಕ್ಷೆ ಕಂಪನಿಗೆ 9,000 ರೂಪಾಯಿ ತೆರುವಂತೆ ಆಜ್ಞೆ ಮಾಡಿತು. 2020ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು, ಮುಂಚಿತವಾಗಿ ತಿಳಿಸದೆ ಬಿಲ್ ಮಾಡುವ ಹೊತ್ತಿಗೆ ಚೀಲಕ್ಕೆ ದುಡ್ಡು ಕೇಳುವುದು ಅನ್ಯಾಯದ ವ್ಯಾಪಾರ ಪದ್ಧತಿ ಎಂದು ಹೇಳಿತು. ಕೈಯಲ್ಲಿ ಸಾಮಾನು ಹಿಡಿದು ನಿಂತವನ ಅಸಹಾಯಕತೆಯ ಮೇಲೆ ನಡೆಯುವ ವ್ಯಾಪಾರಕ್ಕೆ ಪರಿಸರ ಪ್ರೇಮವೆಂದು ಹೆಸರಿಟ್ಟರೆ ನಂಬುವವರು ಯಾರು?

ಹಾಗಾದರೆ ಬೆಲೆಯೇ ಬೇಡವೆ? ಹಾಗೆಂದು ನಾವು ಹೇಳುವುದಿಲ್ಲ. ಐರ್ಲೆಂಡ್ ದೇಶವು 2002ರ ಮಾರ್ಚಿಯಲ್ಲಿ ಒಂದೊಂದು ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟಿನ ಸುಂಕ ಹಾಕಿತು. ಚೀಲದ ಬಳಕೆ ಹತ್ತರಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿಯಿತು. ಆದರೆ ಗಮನಿಸಬೇಕಾದ ಸಂಗತಿ ಎರಡು. ಆ ಹಣ ಅಂಗಡಿಯವನ ಪಾಲಾಗಲಿಲ್ಲ. ಸರ್ಕಾರ ಅದನ್ನು ವಸೂಲು ಮಾಡಿ ಪರಿಸರ ನಿಧಿಗೆ ಸೇರಿಸಿತು. ಮಾಂಸ, ಮೀನು, ಬಿಡಿ ಹಣ್ಣು ತರಕಾರಿಗಳ ಸಣ್ಣ ಚೀಲಕ್ಕೆ ಸುಂಕದಿಂದ ವಿನಾಯಿತಿಯನ್ನೂ ಕೊಟ್ಟಿತು. ಇಂಗ್ಲೆಂಡಿನಲ್ಲಿ 2015ರಲ್ಲಿ 5 ಪೆನ್ಸಿನ ಬೆಲೆ ಬಂದಾಗ ಅದು 250ಕ್ಕೆ ಕಡಿಮೆಯಿಲ್ಲದಷ್ಟು ನೌಕರರಿರುವ ಮಳಿಗೆಗಳಿಗೆ ಮಾತ್ರ. ಸಣ್ಣ ಅಂಗಡಿಗಳಿಗೆ ಅದು ಬಂದದ್ದು 2021ರಲ್ಲಿ. ದೊಡ್ಡವನಿಂದ ಆರಂಭಿಸಿ ಸಣ್ಣವನಿಗೆ ಆರು ವರ್ಷ ಕೊಟ್ಟರು. ನಮ್ಮಲ್ಲಿ ಆರಂಭವಾಗುವುದು ಸಂತೆಯ ಸೊಪ್ಪಿನವಳಿಂದ.

ಇನ್ನು ಕೊಳ್ಳುವವನ ಪಾಡನ್ನು ವಿಚಾರಿಸೋಣ. 1963ರಲ್ಲಿ ಡಾಕ್ಟರ್ ಲೋಹಿಯಾ ಅವರು ಲೋಕಸಭೆಯಲ್ಲಿ ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಸರ್ಕಾರದ ಮುಖಕ್ಕೆ ಹೇಳಿದರು. ಆಣೆಯ ಕಾಲ ಹೋಯಿತು. ದಿನದ ಕೂಲಿಯನ್ನು ದಿನವೇ ತಿನ್ನುವವರ ಕಾಲ ಹೋಗಲಿಲ್ಲ. ತಿಂಗಳ ಸಾಮಾನನ್ನು ಒಮ್ಮೆಗೇ ತರುವವನಿಗೆ ಎರಡು ಚೀಲ ಸಾಕು. ಇಂದು ಹತ್ತು ರೂಪಾಯಿಯ ಎಣ್ಣೆ, ನಾಳೆ ಕಾಲು ಕೆ.ಜಿ. ಬೇಳೆ, ನಾಡಿದ್ದು ಎರಡು ಈರುಳ್ಳಿ ಎಂದು ಕೊಳ್ಳುವ ಕೂಲಿಕಾರನ ಮನೆಗೆ ತಿಂಗಳಿಗೆ ಮೂವತ್ತು ಕವರು ಬೇಕು. ಚೀಲಕ್ಕೆ ಒಂದು ರೂಪಾಯಿಯೆಂದರೆ ಮೊದಲನೆಯವನಿಗೆ ಎರಡು ರೂಪಾಯಿ, ಎರಡನೆಯವನಿಗೆ ಮೂವತ್ತು. ಬಡವನ ಮೇಲೆ ಹದಿನೈದು ಪಟ್ಟು ಬೀಳುವ ಸುಂಕವನ್ನು ನಾವು ಕಣ್ಣು ಮುಚ್ಚಿಕೊಂಡು ಸ್ವಾಗತಿಸಲಾರೆವು.

ಅದೂ ಅಲ್ಲದೆ, ತಿಪ್ಪೆಯಲ್ಲಿರುವುದು ಕೈಚೀಲವೊಂದೇ ಅಲ್ಲ. ಶಾಂಪೂವಿನ, ಬಿಸ್ಕತ್ತಿನ, ಚಿಪ್ಸಿನ ಪ್ಯಾಕೆಟ್ಟುಗಳು ಕೈಚೀಲದ ನಿಷೇಧಕ್ಕೆ ಒಳಪಟ್ಟಿಲ್ಲ. ಗುಟ್ಕಾ, ತಂಬಾಕು, ಪಾನ್ ಮಸಾಲೆಯನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರಕೂಡದೆಂದು 2016ರ ನಿಯಮದಲ್ಲೇ ಬರೆದಿದೆ. ಬಸ್ ನಿಲ್ದಾಣದ ನೆಲವನ್ನು ನೋಡಿದವರಿಗೆ ಆ ನಿಯಮದ ಗತಿ ಗೊತ್ತು. ತಾನು ಮಾರಿದ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡುವ ಹೊಣೆ ಉತ್ಪಾದಕನದೆಂದು ಕಾಗದದಲ್ಲಿ ಇದೆ. ದೇವಸಮುದ್ರದ ತಿಪ್ಪೆಯಿಂದ ತನ್ನ ಪ್ಯಾಕೆಟ್ಟನ್ನು ಎತ್ತಿಕೊಂಡು ಹೋಗಲು ಬಂದ ಕಂಪನಿಯ ಲಾರಿಯನ್ನು ನೋಡಿದವರುಂಟೆ?

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಸುಂಕ ಬೀಳಬೇಕಾದದ್ದು ಮೊದಲು ಕಾರ್ಖಾನೆಯ ಬಾಗಿಲಲ್ಲಿ, ತೂಕದ ಲೆಕ್ಕದಲ್ಲಿ. ಆ ಹಣ ಪಂಚಾಯಿತಿಗಳಿಗೆ ಬಂದು ಕಸ ಎತ್ತುವವರ ಸಂಬಳಕ್ಕೂ ಚರಂಡಿ ಕೆರೆಗಳ ಶುದ್ಧಿಗೂ ಸಲ್ಲಬೇಕು. ದೊಡ್ಡ ಮಳಿಗೆ ಚೀಲಕ್ಕೆ ಬೆಲೆ ಹಿಡಿದರೆ ಪೈಸೆ ಪೈಸೆಯ ಲೆಕ್ಕ ಸಾರ್ವಜನಿಕ ನಿಧಿಗೆ ಸೇರಬೇಕು. ತನ್ನ ಹೆಸರು ಅಚ್ಚಾದ ಚೀಲವನ್ನು ಪುಕ್ಕಟೆಯಾಗಿಯೇ ಕೊಡಬೇಕು. ಸಣ್ಣ ವ್ಯಾಪಾರಿಗೆ ದಂಡ ಹಾಕುವ ಮೊದಲು ಆತನಿಗೆ ಕವರು ಪೂರೈಸಿದವನನ್ನು ಹಿಡಿಯಬೇಕು. ನಮ್ಮ ಹೆಣ್ಣುಮಕ್ಕಳ ಸಂಘಗಳಿಗೆ ಬಟ್ಟೆಯ ಚೀಲ ಹೊಲಿಯುವ ಕೆಲಸ ಕೊಡಬೇಕು. ಪಕ್ಕದ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆಯೇ ದೊಡ್ಡ ಉದ್ಯಮ; ಕತ್ತರಿಸಿ ಉಳಿದ ಗಟ್ಟಿ ಬಟ್ಟೆಯಿಂದ ವರ್ಷಗಟ್ಟಲೆ ಬಾಳುವ ಸಂತೆಚೀಲ ಆಗದೆ? ಅಂಗಡಿಯವನು ಅದನ್ನು ಠೇವಣಿಯ ಮೇಲೆ ಕೊಡಲಿ: ಚೀಲ ತಂದುಕೊಟ್ಟವನಿಗೆ ದುಡ್ಡು ವಾಪಸು. ಹಾಗಾದರೆ ಬೆಲೆ ಇದ್ದೂ ಬಡವನಿಗೆ ಭಾರವಿಲ್ಲ.

ಕೊನೆಯದಾಗಿ, ನಮ್ಮವರಿಗೂ ಒಂದು ಮಾತು. ಸರ್ಕಾರ ತಿದ್ದುವವರೆಗೆ ಕೈಕಟ್ಟಿ ಕೂರುವುದು ದುಡಿಯುವವರಿಗೆ ಶೋಭೆಯಲ್ಲ. ಎಣ್ಣೆಗೆ ಸೀಸೆ, ಹಿಟ್ಟಿಗೆ ಚೀಲ, ಮಾಂಸಕ್ಕೆ ಡಬ್ಬಿ ಹಿಡಿದು ಹೋಗುವುದು ನಮ್ಮ ಹಿರಿಯರಿಗೆ ಯಾವ ಕಾನೂನೂ ಕಲಿಸಿದ್ದಲ್ಲ. ಅಂಗಡಿಯವನು ಮುತ್ತುಗದ ಎಲೆಯಲ್ಲಿ, ಹಳೆಯ ಕಾಗದದ ಪೊಟ್ಟಣದಲ್ಲಿ ದಾರ ಸುತ್ತಿ ಕೊಟ್ಟದ್ದು ಈಗಲೂ ಬಹಳ ಜನರ ನೆನಪಿನಲ್ಲಿದೆ. ಗಿರಣಿಗೆ ಊಟದ ಡಬ್ಬಿ ಒಯ್ಯುವ ಕಾರ್ಮಿಕನಿಗೆ ಅದರ ಜೊತೆಯಲ್ಲಿ ಮಡಿಚಿದ ಒಂದು ಬಟ್ಟೆಯ ಚೀಲ ಹೊರೆಯಾಗದು. ‘ಚೀಲ ತಂದಿದ್ದೀರಾ?’ ಎಂದು ವ್ಯಾಪಾರಿ ಕೇಳಿದರೆ ಗಿರಾಕಿ ಮುನಿಸಿಕೊಳ್ಳಬಾರದು. ಚೀಲ ತಂದವನಿಗೆ ವ್ಯಾಪಾರಿಯೂ ನಾಲ್ಕು ಕಾಳು ಹೆಚ್ಚು ಹಾಕಲಿ. ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಈ ಒಂದು ರೂಪಾಯಿಗಾಗಿ ಒಬ್ಬರ ಮೇಲೊಬ್ಬರು ಹರಿಹಾಯ್ದರೆ ನಗುವವನು ಕವರಿನ ಕಾರ್ಖಾನೆಯ ಮಾಲೀಕ. ಇಬ್ಬರೂ ಒಟ್ಟಾಗಿ ಪಂಚಾಯಿತಿಯ ಗ್ರಾಮಸಭೆಯಲ್ಲಿ ಎದ್ದು ನಿಂತು, ಬೆಲೆ ಯಾರು ತೆರಬೇಕೆಂದು ಕೇಳಲಿ. ಉತ್ತರ ಕೊಡಬೇಕಾದವರು ಆಗ ಕೊಟ್ಟೇ ಕೊಡುತ್ತಾರೆ.