ಅರ್ಜಿ ಮತ್ತು ಪ್ರಶ್ನೆ

ಬೀದರ ಜಿಲ್ಲೆಯಲ್ಲಿ ಜರುಗುವ ಸಭೆ ಸಮಾರಂಭಗಳಲ್ಲಿ ಅನುಭವ ಮಂಟಪದ ಹೆಸರು ಕೇಳಿಬರದಿರುವುದು ಅಪರೂಪ. 12ನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವರು ಬಿಜ್ಜಳನ ಮಂತ್ರಿಯಾದ ಬಸವಣ್ಣನವರೊಡನೆ ಸರಿಸಮಾನರಾಗಿ ಕುಳಿತು ಚರ್ಚಿಸಿದರೆಂದು ಹೆಮ್ಮೆಪಡುವ ನಾಡಿದು. ಅಲ್ಲಿಗೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಕಠಿಣ ಪ್ರಶ್ನೆಗಳಿಂದ ಪರೀಕ್ಷಿಸಿದರೆಂದೂ ಆಕೆ ಅಳುಕದೆ ಉತ್ತರಿಸಿದಳೆಂದೂ ಪರಂಪರೆ ಹೇಳುತ್ತದೆ. ಆದರೆ ಅದೇ ಜಿಲ್ಲೆಯ ಗ್ರಾಮಸಭೆಗೆ ಬಂದವರಲ್ಲಿ ಬಹುಮಂದಿ ಮನೆಗೋ ಪಿಂಚಣಿಗೋ ಅರ್ಜಿ ಕೊಟ್ಟು ಹಿಂದಿರುಗುತ್ತಾರೆ. ಊರಿನ ಹಣ ಯಾವ ಕೆಲಸಕ್ಕೆ ಮೊದಲು ವಿನಿಯೋಗವಾಗಬೇಕೆಂದು ಎದ್ದುನಿಂತು ಕೇಳುವವರು ವಿರಳ.

ನೆದರ್‌ಲೆಂಡ್ಸ್ ದೇಶದ ವಿದ್ವಾಂಸ ಹಾಫ್‌ಸ್ಟೆಡ್ ಅವರು 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೇಲಿನವರ ಅಧಿಕಾರವನ್ನು ಕೆಳಗಿನವರು ಎಷ್ಟರಮಟ್ಟಿಗೆ ಸಹಜವೆಂದು ಒಪ್ಪುತ್ತಾರೆಂಬುದನ್ನು ದೇಶದೇಶಗಳಲ್ಲಿ ಅಳೆದಿದ್ದಾರೆ. ಭಾರತಕ್ಕೆ 77, ಡೆನ್ಮಾರ್ಕಿಗೆ 18. ಭಾರತೀಯರ ಸಂಸ್ಕೃತಿಯೇ ಹೀಗೆಂದು ಇದರಿಂದ ತೀರ್ಮಾನಿಸಿಬಿಡುವುದು ಸುಲಭ. ಆದರೆ ಬಹುರಾಷ್ಟ್ರೀಯ ಕಂಪನಿಯೊಂದರ ನೌಕರರಿಂದ ತೆಗೆದ ಅಳತೆಗೋಲಿನಿಂದ ಔರಾದದ ರೈತನನ್ನು ಅಳೆಯಲಾದೀತೆ?

ಇಲ್ಲಿಯ ಮೌನಕ್ಕೆ ಹತ್ತಿರದ ಕಾರಣಗಳೇ ಇವೆ. 1948ರ ಸೆಪ್ಟೆಂಬರದವರೆಗೆ ಇಲ್ಲಿ ನಿಜಾಮರ ಆಳ್ವಿಕೆಯಿದ್ದು, ಆಡಳಿತದ ಭಾಷೆ ಉರ್ದುವಾಗಿತ್ತು. ಹಳ್ಳಿಗರ ಮನೆಮಾತು ಬಹುಪಾಲು ಕನ್ನಡ, ಮರಾಠಿ. ಸರಕಾರಕ್ಕೆ ಒಂದು ಮಾತು ಮುಟ್ಟಿಸಬೇಕಾದರೂ ಬರೆದುಕೊಡುವವನೊಬ್ಬನನ್ನು ಹುಡುಕಬೇಕಾದ ಕಡೆ ವಿನಂತಿ ಬೆಳೆಯುವುದೇ ಹೊರತು ವಾದ ಬೆಳೆಯದು. ಅಂಥ ಕಾಲದಲ್ಲಿಯೇ ಭಾಲ್ಕಿ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಹಾಕಿ ಒಳಗೆ ಕನ್ನಡ ಕಲಿಸಿದರು. ಶಿಕ್ಷಣನೀತಿಯ ಬಗೆಗೆ ಪ್ರಜೆಯೊಬ್ಬ ನೀಡಬಹುದಾದ ಅಭಿಪ್ರಾಯಗಳಲ್ಲಿ ಅದಕ್ಕಿಂತ ಗಟ್ಟಿಯಾದುದು ಇನ್ನೊಂದಿರಲಾರದು.

ರಾಜ್ಯ ಪುನರ್ವಿಂಗಡಣಾ ಆಯೋಗಕ್ಕೆ ದೇಶದ ಜನ ಸಲ್ಲಿಸಿದ ಮನವಿ, ಪತ್ರಗಳು 1,52,250. ಇಷ್ಟೊಂದು ಬರೆದವರನ್ನು ಸ್ವಭಾವತಃ ಮೌನಿಗಳೆನ್ನುವುದು ಹೇಗೆ? ಬೀದರ ಜಿಲ್ಲೆ ಉಳಿಕೆಯ ಹೈದರಾಬಾದ ರಾಜ್ಯದಲ್ಲಿಯೇ ಇರಲೆಂದು ಆಯೋಗ 1955ರಲ್ಲಿ ಶಿಫಾರಸು ಮಾಡಿತ್ತು. 1956ರ ನವೆಂಬರ್ 1ರಂದು ಆದದ್ದೇ ಬೇರೆ: ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯವನ್ನು ಸೇರಿದವು, ಉದಗೀರ, ನಿಲಂಗಾ, ಅಹ್ಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು. ಬದುಕಿಗೆ ನೇರವಾಗಿ ತಟ್ಟುವ ವಿಷಯ ತಿಳಿಯುವ ಭಾಷೆಯಲ್ಲಿ ಎದುರಾದರೆ ಜನ ಮಾತನಾಡುತ್ತಾರೆ.

ಗ್ರಾಮಸಭೆಗೆ ಈಗ 1993ರ ಪಂಚಾಯತ್ ರಾಜ್ ಕಾಯಿದೆಯ ಬೆಂಬಲವಿದೆ. ಆದರೂ ಕ್ರಿಯಾಯೋಜನೆಯನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದರೆ, ಔರಾದ ತಾಲೂಕಿನ ತಾಂಡೆಯಿಂದ ಬಂದ ಲಂಬಾಣಿ ಹೆಣ್ಣುಮಗಳಿಗೆ ಅದರಲ್ಲಿ ತಿಳಿಯುವುದೆಷ್ಟು? ಇದಕ್ಕಿಂತ ಆಳವಾದ ತೊಡಕೂ ಒಂದುಂಟು. ಹಿರಿಯರಿಗೆ ಎದುರಾಡಬಾರದೆಂಬ ಪಾಠ ಮನೆಯಲ್ಲಿ ಆರಂಭವಾಗಿ ಶಾಲೆಯಲ್ಲಿ ಗಟ್ಟಿಯಾಗುತ್ತದೆ; ಮಠದ ಶಾಲೆಗಳೂ ಇದಕ್ಕೆ ಹೊರತಲ್ಲವೆಂದು ವಿನಯಪೂರ್ವಕವಾಗಿ ಹೇಳಬೇಕಾಗಿದೆ. ಗುರುವಿಗೆ ಬಾಗುವುದೂ ಗುರುವನ್ನು ಪ್ರಶ್ನಿಸುವುದೂ ಕಲ್ಯಾಣದಲ್ಲಿ ಒಂದಕ್ಕೊಂದು ವಿರೋಧವಾಗಿರಲಿಲ್ಲ.

ವಚನ ಕಂಠಪಾಠಕ್ಕೆ ದಾನಿಗಳು ಬಹುಮಾನವಿಡುವುದು ಸ್ತುತ್ಯವೇ ಸರಿ. ಒಳ್ಳೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿಗೂ ಒಂದು ಬಹುಮಾನವಿಟ್ಟರೆ ವೆಚ್ಚ ಹೆಚ್ಚೇನೂ ಆಗದು. ಒಂಬತ್ತನೆಯ ತರಗತಿಯವರ ಕೈಗೆ ತಮ್ಮೂರ ಪಂಚಾಯತಿಯ ಆಯವ್ಯಯ ಪತ್ರವನ್ನು ಕೊಟ್ಟು ಶಿಕ್ಷಕರು ಸಾಲುಸಾಲಾಗಿ ಬಿಡಿಸಿ ಹೇಳಬಹುದು. ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆಗಳು ಈಗಾಗಲೇ ನಡೆಯುತ್ತಿವೆ. ಅಲ್ಲಿಗೆ ಹೋಗುವ ಹುಡುಗ ಮಾಸ್ತರರು ಬರೆದುಕೊಟ್ಟುದನ್ನು ಒಪ್ಪಿಸುವ ಬದಲು, ತನ್ನ ಓಣಿಯ ನಲ್ಲಿಯಲ್ಲಿ ನೀರೇಕೆ ಬರುತ್ತಿಲ್ಲವೆಂದು ತನ್ನ ಮಾತಿನಲ್ಲಿಯೇ ಕೇಳಲಿ.