ತೂಕ ಹಾಕಿ ಹೊರಡುವ ಪ್ರವಾಸ

ನಾಲ್ಕು ಸೀಟಿನ ಕಾರಿನಲ್ಲಿ ಎಷ್ಟು ಜನ ಕೂರಬಹುದು? ಮದುವೆ ದಿಬ್ಬಣಕ್ಕೆ ಹೊರಟ ಅಂಬಾಸಡರ್ ಕಾರನ್ನು ಕಂಡವರು ಎಂಟು ಎನ್ನುತ್ತಾರೆ, ಅದೂ ತೊಡೆಯ ಮೇಲಿನ ಮಕ್ಕಳನ್ನು ಬಿಟ್ಟು. ನಾಲ್ಕು ಸೀಟಿನ ವಿಮಾನದಲ್ಲಿ? ನಾಲ್ಕು ಎಂದು ಕೈ ಎತ್ತಿದವರು ಸ್ವಲ್ಪ ತಡೆಯಿರಿ.

ದಕ್ಷಿಣ ಇಂಗ್ಲೆಂಡಿನ ಕೆಲವು ಹವ್ಯಾಸಿ ಪೈಲಟ್‌ಗಳು ಶನಿವಾರ ಬೆಳಿಗ್ಗೆ ಹೆಂಡತಿ ಮಕ್ಕಳನ್ನು ಪುಟ್ಟ ವಿಮಾನದಲ್ಲಿ ಕೂರಿಸಿಕೊಂಡು ಫ್ರಾನ್ಸಿನ ಕಡಲ ತೀರಕ್ಕೆ ಹಾರಿ, ಭಾನುವಾರ ಸಂಜೆ ಮರಳುತ್ತಾರೆ. ಇವರಿಗೆ ಅಚ್ಚುಮೆಚ್ಚಿನ ಊರು ಲ ತುಕೆ. ವಿಶಾಲವಾದ ಮರಳ ದಂಡೆ, ಬೆನ್ನಿಗೆ ಪೈನ್ ಮರಗಳ ಕಾಡು, ಊರಿಗೆ ಅಂಟಿಕೊಂಡೇ ವಿಮಾನ ನಿಲ್ದಾಣ. 1948ರಲ್ಲಿ ಕಾರುಗಳನ್ನೇ ವಿಮಾನದ ಹೊಟ್ಟೆಗೆ ತುಂಬಿ ಇಂಗ್ಲೆಂಡಿನಿಂದ ಸಾಗಿಸುವ ಸೇವೆ ಶುರುವಾದದ್ದು ಇದೇ ನಿಲ್ದಾಣಕ್ಕೆ. ಊರಿನ ಹೆಸರು ನಮ್ಮ ‘ತೂಕ’ದಂತೆ ಕೇಳಿಸುತ್ತದೆ. ಅಲ್ಲಿಗೆ ಹೊರಡುವವರ ಮೊದಲ ಕೆಲಸವೂ ತೂಕ ಹಾಕುವುದೇ!

ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನವಾದ ಸೆಸ್ನಾ 172ನ್ನು ತೆಗೆದುಕೊಳ್ಳೋಣ. ಇದರ ಒಂದು ಮಾದರಿ ಮೇಲೇರುವಾಗ ಒಟ್ಟು ತೂಕ 1,157 ಕಿಲೋ ಮೀರುವಂತಿಲ್ಲ. ಖಾಲಿ ವಿಮಾನವೇ ಸುಮಾರು 770 ಕಿಲೋ. ಉಳಿದದ್ದು 387. ಟ್ಯಾಂಕ್ ತುಂಬಿಸಿದರೆ 200 ಲೀಟರ್ ಇಂಧನ, ಲೀಟರಿಗೆ 0.72 ಕಿಲೋದಂತೆ 144 ಕಿಲೋ. ಉಳಿದದ್ದು 243. ಅಪ್ಪ 80, ಅಮ್ಮ 65, ಮಕ್ಕಳು 45 ಮತ್ತು 35 ಎಂದಿಟ್ಟುಕೊಳ್ಳಿ. ಅಲ್ಲಿಗೆ 225 ಆಯಿತು. ಮಿಕ್ಕ 18 ಕಿಲೋದಲ್ಲಿ ಜೀವರಕ್ಷಕ ಜಾಕೆಟ್‌ಗಳು, ಗಾಳಿ ತುಂಬುವ ರಬ್ಬರ್ ದೋಣಿ, ಬಟ್ಟೆ ಬರೆ ಎಲ್ಲವೂ ಹಿಡಿಯಬೇಕು. ಮಕ್ಕಳು ಬೆಳೆದು ತಲಾ 60 ಕಿಲೋ ಆದರೆ? ಸಾಮಾನು ಒಂದೂ ಇಲ್ಲದೆಯೇ ಲೆಕ್ಕ 22 ಕಿಲೋ ಮೀರುತ್ತದೆ. ಆಗ ಸುಮಾರು 30 ಲೀಟರ್ ಇಂಧನ ಕಡಿಮೆ ಹಾಕಬೇಕು. ಅದು ಹೆಚ್ಚು ಕಡಿಮೆ ಒಂದು ಗಂಟೆಯ ಹಾರಾಟದ ಇಂಧನ.

ತೂಕ ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಹತ್ತನೆಯ ತರಗತಿಯವರು ಗುರುತ್ವ ಕೇಂದ್ರವನ್ನು ನೆನಪಿಸಿಕೊಳ್ಳಿ. ಭಾರವಾದ ಚೀಲವನ್ನು ಹಿಂದೆ ತುರುಕಿದರೆ ಬಾಲ ಕುಗ್ಗಿ ಮೂತಿ ಏಳುತ್ತದೆ. ಮೂತಿ ಅತಿಯಾಗಿ ಎದ್ದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕದಡಿ, ವಿಮಾನವನ್ನು ಎತ್ತಿ ಹಿಡಿಯುವ ಬಲ ಕುಸಿಯುತ್ತದೆ. ‘ಬೊಜ್ಜು ಬಂದಿದೆ, ನಿನ್ನ ನಿಜವಾದ ತೂಕ ಹೇಳು’ ಎಂದು ಭಾವಮೈದುನನ್ನು ಕೇಳಲು ಸಂಕೋಚಪಡುವ ಪೈಲಟ್‌ಗೆ ಈ ಪ್ರವಾಸ ತಕ್ಕದ್ದಲ್ಲ.

ಇನ್ನು ಸಮುದ್ರ. ಇಂಗ್ಲಿಷ್ ಕಡಲ್ಗಾಲುವೆಯ ತೀರ ಕಿರಿದಾದ ಭಾಗ ಡೋವರ್ ಬಳಿ. ಅಗಲ ಸುಮಾರು 34 ಕಿ.ಮೀ. 1909ರ ಜುಲೈ 25ರಂದು ಲೂಯಿ ಬ್ಲೆರಿಯೊ 25 ಅಶ್ವಶಕ್ತಿಯ ಎಂಜಿನ್ ನಂಬಿ, ದಿಕ್ಸೂಚಿಯೂ ಇಲ್ಲದೆ, ಸುಮಾರು 37 ನಿಮಿಷಗಳಲ್ಲಿ ಇದನ್ನು ದಾಟಿದ. ಇಂದಿನವರು ಅಷ್ಟು ಧೈರ್ಯ ತೋರಬೇಕಾಗಿಲ್ಲ, ಭಾಗಾಕಾರ ಬಂದರೆ ಸಾಕು. ಎಂಜಿನ್ ನಿಂತರೆ ಸೆಸ್ನಾ ಕಲ್ಲಿನಂತೆ ಬೀಳುವುದಿಲ್ಲ. ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಮೀಟರ್ ಮುಂದೆ ಜಾರುತ್ತದೆ. ನಡುಗಡಲಿನಿಂದ ದಡಕ್ಕೆ 17 ಕಿ.ಮೀ.; ಒಂಬತ್ತರಿಂದ ಭಾಗಿಸಿ. ಗಾಳಿ ಎದುರಾಗದಿದ್ದರೆ 1,900 ಮೀಟರ್ ಎತ್ತರದಲ್ಲಿ ಹಾರುವವನಿಗೆ ಯಾವುದಾದರೊಂದು ದಡ ಎಟುಕುತ್ತದೆ. ಮೋಡ ತಗ್ಗಿದ್ದು 900 ಮೀಟರಿನಲ್ಲಿ ಹಾರಬೇಕಾಗಿ ಬಂದರೋ? ಎರಡೂ ಬದಿಯಲ್ಲಿ ಎಂಟೆಂಟು ಕಿ.ಮೀ. ಬಿಟ್ಟು ನಡುವಿನ 18 ಕಿ.ಮೀ.ನಲ್ಲಿ ದಡ ಸಿಗದು. ಗಂಟೆಗೆ 200 ಕಿ.ಮೀ. ವೇಗದಲ್ಲಿ ಇದು ಐದೂವರೆ ನಿಮಿಷದ ಹಾದಿ. ಆದ್ದರಿಂದಲೇ ಎಷ್ಟೋ ಪೈಲಟ್‌ಗಳು ನೇರ ದಾರಿ ಬಿಟ್ಟು ಡೋವರ್‌ಗೆ ಸುತ್ತಿ, ಕಿರಿದಾದಲ್ಲಿ ದಾಟಿ, ಆಮೇಲೆ ಫ್ರೆಂಚ್ ದಡದ ಗುಂಟ 40 ಕಿ.ಮೀ. ದಕ್ಷಿಣಕ್ಕೆ ಸಾಗುತ್ತಾರೆ. ಜಾಕೆಟ್ ಹೊರಡುವ ಮೊದಲೇ ಮೈಮೇಲಿರಬೇಕು, ಆದರೆ ಅದಕ್ಕೆ ಗಾಳಿ ತುಂಬುವುದು ವಿಮಾನದಿಂದ ಹೊರಬಿದ್ದ ಮೇಲೆ. ಒಳಗೇ ಉಬ್ಬಿಸಿಕೊಂಡವನನ್ನು ನುಗ್ಗಿದ ನೀರು ಛಾವಣಿಗೆ ಒತ್ತಿ ಹಿಡಿಯುತ್ತದೆ. ಆರ್ಕಿಮಿಡೀಸನ ತತ್ತ್ವ ಇಲ್ಲೂ ಬಿಡುವುದಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದವರೂ ಎಡವುವುದು ಭಾನುವಾರ. ಶನಿವಾರ ಹವೆ ಕೆಟ್ಟಿದ್ದರೆ ಪ್ರವಾಸ ರದ್ದು, ಅಷ್ಟೆ. ಭಾನುವಾರವಾದರೆ ಮನೆ ಆಚೆ ದಡದಲ್ಲಿದೆ. ಮರುದಿನ ಮಕ್ಕಳಿಗೆ ಶಾಲೆ, ಅಪ್ಪನಿಗೆ ಕಚೇರಿ. ವಸಂತದ ದಿನಗಳಲ್ಲಿ ತೇವ ತುಂಬಿದ ಬೆಚ್ಚನೆಯ ಗಾಳಿ ತಣ್ಣನೆಯ ಸಮುದ್ರದ ಮೇಲೆ ಹಾಯ್ದಾಗ, ತಣ್ಣೀರಿನ ಲೋಟದ ಹೊರಮೈ ಬೆವರುವಂತೆಯೇ, ಆವಿ ಸಾಂದ್ರೀಕರಿಸಿ ಮಂಜು ಕವಿಯುತ್ತದೆ. ಹವಾಮಾನ ವರದಿಯಲ್ಲಿ ಗಾಳಿಯ ಉಷ್ಣತೆ, ಇಬ್ಬನಿ ಬಿಂದು ಎರಡನ್ನೂ ಕೊಟ್ಟಿರುತ್ತಾರೆ. ಇವೆರಡೂ ಹತ್ತಿರವಾಗತೊಡಗಿದರೆ ಎಚ್ಚರ.

ಮಂಜಿನಲ್ಲಿ ದಿಗಂತ ಕಾಣದು. ಮೇಲೆ ಯಾವುದು ಕೆಳಗೆ ಯಾವುದು ಎಂದು ಒಳಗಿವಿಯ ಅರ್ಧವೃತ್ತಾಕಾರದ ನಾಳಗಳು ಹೇಳಲಾರವೇ? ತಿರುಗುವ ಕುರ್ಚಿಯಲ್ಲಿ ಗೆಳೆಯನನ್ನು ಕಣ್ಣು ಮುಚ್ಚಿ ಕೂರಿಸಿ, ಒಂದೇ ವೇಗದಲ್ಲಿ ನಿಧಾನವಾಗಿ ತಿರುಗಿಸುತ್ತಿರಿ. ಸ್ವಲ್ಪ ಹೊತ್ತಿಗೆ ‘ನಿಂತಿದ್ದೇನೆ’ ಎನ್ನುತ್ತಾನೆ. ನಾಳದ ದ್ರವವೂ ಅವನ ಜೊತೆಗೇ ಸುತ್ತತೊಡಗಿರುತ್ತದೆ. ಕೇವಲ ಕಣ್ಣಳತೆಯಲ್ಲಿ ಹಾರಿಸಲು ಕಲಿತವನು ಹೀಗೆಯೇ ವಿಮಾನ ಓರೆಯಾಗಿ ಸುತ್ತುತ್ತ ಇಳಿಯುತ್ತಿದ್ದರೂ ನೆಟ್ಟಗಿದೆ ಎಂದುಕೊಳ್ಳುತ್ತಾನೆ. ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ 1999ರ ಜುಲೈ 16ರ ರಾತ್ರಿ ಹೆಂಡತಿ ಮತ್ತು ಆಕೆಯ ಅಕ್ಕನೊಡನೆ ಅಟ್ಲಾಂಟಿಕ್ ಕರಾವಳಿಯಲ್ಲಿ ಸಮುದ್ರಕ್ಕೆ ಬಿದ್ದು ಸತ್ತದ್ದು ಈ ಭ್ರಮೆಯಿಂದಲೇ ಎಂದು ತನಿಖೆ ಹೇಳಿತು. ಹೊರಟದ್ದು ಬಂಧುಗಳ ಮದುವೆಗೆ. ಎಂಜಿನ್‌ನಲ್ಲಿ ದೋಷವಿರಲಿಲ್ಲ, ಮಬ್ಬಿತ್ತು.

ಹಾಗಾಗಿ ಬಲ್ಲವನಾದ ಅಪ್ಪ ಏನು ಮಾಡುತ್ತಾನೆ? ವಿಮಾನವನ್ನು ಲ ತುಕೆಯಲ್ಲೇ ಕಟ್ಟಿಹಾಕಿ, ಪಕ್ಕದ ಎಟಾಪ್ಲ್ ನಿಲ್ದಾಣದಿಂದ ರೈಲಿನಲ್ಲಿ ಕ್ಯಾಲೆಗೆ ಹೋಗಿ, ಅಲ್ಲಿಂದ ಎಲ್ಲರನ್ನೂ ಹಡಗು ಹತ್ತಿಸುತ್ತಾನೆ. ಡೋವರ್‌ಗೆ ಒಂದೂವರೆ ಗಂಟೆ. ಮಕ್ಕಳು ಮುಖ ಊದಿಸಿಕೊಳ್ಳುತ್ತಾರೆ, ವಿಮಾನ ನಿಲ್ಲಿಸಿದ ಬಾಡಿಗೆ ಬೆಳೆಯುತ್ತದೆ, ಮುಂದಿನ ಶನಿವಾರ ಅದನ್ನು ತರಲು ಒಬ್ಬನೇ ಮತ್ತೆ ಹೋಗಬೇಕು. ಆ ದಿನ ಅಮ್ಮ ಮತ್ತು ಮಕ್ಕಳ 145 ಕಿಲೋ ಇರುವುದಿಲ್ಲವಾದ್ದರಿಂದ ವಿಮಾನ ಸರಸರನೆ ಮೇಲೇರುತ್ತದೆ. ಆಗ ಮೂವರ ತೂಕಕ್ಕೆ ಬದಲಾಗಿ ಎಷ್ಟು ಲೀಟರ್ ಇಂಧನ ಹೊರಬಹುದಿತ್ತು, ಅಷ್ಟು ಟ್ಯಾಂಕಿನಲ್ಲಿ ಹಿಡಿಸುತ್ತದೆಯೇ, ನೀವೇ ಲೆಕ್ಕ ಹಾಕಿ.