ಹರಳು ಮಾರಿ, ಹಿಂಡಿ ಬಿಡಬೇಡಿ

ಟ್ರ್ಯಾಕ್ಟರ್‌ಗೆ ಗ್ರೀಸ್ ಹೊಡೆಯುವಾಗ ಆ ಗ್ರೀಸ್ ಯಾವುದರಿಂದ ಆಗಿದೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ನಾನು ಯೋಚಿಸಿರಲಿಲ್ಲ. ಎಲ್ಲಾ ಪೆಟ್ರೋಲಿಯಂ ಅಂದುಕೊಂಡಿದ್ದೆ. ಅದು ಅರ್ಧ ಸತ್ಯ. ಗ್ರೀಸಿನೊಳಗಿನ ಎಣ್ಣೆ ಸಾಮಾನ್ಯವಾಗಿ ಪೆಟ್ರೋಲಿಯಂನದೇ. ಆದರೆ ಆ ಎಣ್ಣೆ ಹರಿದುಹೋಗದೆ ಬೆಣ್ಣೆ ಥರ ನಿಲ್ಲೋದು ಬಹುಮಟ್ಟಿಗೆ ನಮ್ಮ ಹರಳಿನ ದೆಸೆಯಿಂದ. ಹರಳೆಣ್ಣೆಯಿಂದ ತೆಗೆದ ಒಂದು ಆಮ್ಲಕ್ಕೆ ಲಿಥಿಯಂ ಸೇರಿಸಿ ಒಂದು ಬಗೆಯ ಸಾಬೂನು ಮಾಡ್ತಾರೆ. ಗ್ರೀಸನ್ನು ಗಟ್ಟಿ ಹಿಡಿಯೋದು ಅದೇ. ಡಬ್ಬಿ ಮೇಲೆ ‘ಲಿಥಿಯಂ ಗ್ರೀಸ್’ ಅಂತ ಬರೆದಿರುತ್ತಲ್ಲ, ಅದು.

ಇದನ್ನು ಖುಷಿಯಿಂದ ಅಪ್ಪನಿಗೆ ಹೇಳಿದೆ. ಅಪ್ಪ ಒಂದೇ ಮಾತು ಕೇಳಿದರು: “ಸರಿ ಕಣಪ್ಪ, ಈ ಸಲ ಯಾರು ಬಂದು ಕೊಳ್ತಾರಂತೆ?”

ಆ ಮಾತಿನ ಹಿಂದೆ ಒಂದು ಪೆಟ್ಟು ಇದೆ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಜೈವಿಕ ಡೀಸೆಲ್‌ಗಾಗಿ ದೇಶದ ತುಂಬಾ ಜಟ್ರೋಫಾ ಬೆಳೆಸಬೇಕು ಅಂತ ಶಿಫಾರಸು ಮಾಡಿತ್ತು. ನಮ್ಮ ಕಡೆ ಅದಕ್ಕೆ ಕಾಡುಹರಳು ಅಂತಾರೆ. ಆಮೇಲೆ ಒಬ್ಬ ಏಜೆಂಟ್ ನಮ್ಮೂರಿಗೂ ಬಂದ. ಬೀಜವನ್ನೆಲ್ಲ ನಾವೇ ಕೊಳ್ತೀವಿ ಅಂದ. ಅಪ್ಪ ಅರ್ಧ ಎಕರೆಗೆ ಸಸಿ ಹಾಕಿಸಿದರು. ಗಿಡ ಬಂತು, ಬೀಜ ಅಷ್ಟಕ್ಕಷ್ಟೆ, ಏಜೆಂಟ್ ಮತ್ತೆ ಬರಲೇ ಇಲ್ಲ. ಕೊನೆಗೆ ಅವನ್ನು ಬುಡಸಮೇತ ಕೀಳಿಸಲು ಕೊಟ್ಟ ಕೂಲಿ ಸಸಿಗೆ ಕೊಟ್ಟ ದುಡ್ಡಿಗಿಂತ ಜಾಸ್ತಿ ಆಯ್ತು.

ಹಾಗಾಗಿ ‘ಹಸಿರು’ ಅನ್ನೋ ಪದ ಕೇಳಿದರೆ ಅಪ್ಪನಿಗೆ ಅನುಮಾನ. ನನಗೂ ಇರಬೇಕು, ನಿಮಗೂ ಇರಬೇಕು. ಆದರೂ ಹರಳಿನ ಕಥೆ ಬೇರೆ ಅಂತ ನಾನು ವಾದ ಮಾಡ್ತೀನಿ.

ಕಾಡುಹರಳಿಗೂ ಹರಳಿಗೂ ಏನು ವ್ಯತ್ಯಾಸ?

ಜಟ್ರೋಫಾ ಎಣ್ಣೆಯನ್ನು ಸುಡೋದಕ್ಕೆ ಅಂತ ಬೆಳೆಸಿದರು. ಅಂದರೆ ಅದು ಡೀಸೆಲ್ ಬೆಲೆಯ ಜೊತೆ ಕುಸ್ತಿಗೆ ಇಳಿಯಬೇಕು. ಹರಳೆಣ್ಣೆಯನ್ನು ಯಾರೂ ಹಾಗೆ ಸುಟ್ಟು ಹಾಳು ಮಾಡೋದಿಲ್ಲ. ಅದರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ರಿಸಿನೋಲಿಕ್ ಆಮ್ಲ. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಗಳ ಆಮ್ಲಗಳಲ್ಲಿ ಇಲ್ಲದ ಒಂದು ಹೈಡ್ರಾಕ್ಸಿಲ್ ಗುಂಪು ಇದರಲ್ಲಿದೆ. ಕೊಡಲಿಗೆ ಕಾವು ಇದ್ದ ಹಾಗೆ, ರಸಾಯನಶಾಸ್ತ್ರಜ್ಞರಿಗೆ ಅದೊಂದು ಹಿಡಿಕೆ. ಅದನ್ನು ಹಿಡಿದು ಎಣ್ಣೆಯನ್ನು ಬೇಕಾದ ಹಾಗೆ ತಿರುಗಿಸಬಹುದು. ಬಣ್ಣ, ಅಂಟು, ಫೋಮ್, ಗ್ರೀಸ್, ಪ್ಲಾಸ್ಟಿಕ್ ಎಲ್ಲದಕ್ಕೂ ಅದು ಹೋಗುತ್ತೆ. ಫ್ರಾನ್ಸಿನಲ್ಲಿ 1940ರ ದಶಕದಲ್ಲೇ ಹರಳೆಣ್ಣೆಯಿಂದ ನೈಲಾನ್-11 ತಯಾರಿಸಿದರು. ಲಾರಿಗಳ ಏರ್‌ಬ್ರೇಕ್ ಪೈಪಿಗೆ ಇವತ್ತಿಗೂ ಅದನ್ನು ಬಳಸ್ತಾರೆ.

1998ರಲ್ಲಿ ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ ಹಸಿರು ರಸಾಯನಶಾಸ್ತ್ರಕ್ಕೆ 12 ಸೂತ್ರ ಬರೆದರು. ಏಳನೆಯದು: ಮುಗಿದುಹೋಗುವ ಕಚ್ಚಾವಸ್ತು ಬಿಟ್ಟು, ಮತ್ತೆ ಮತ್ತೆ ಬೆಳೆಯಬಲ್ಲದ್ದನ್ನು ಬಳಸಿ. ಹರಳು ಆ ಸೂತ್ರಕ್ಕಿಂತ ಹಳೆಯ ಉದಾಹರಣೆ. ಜಗತ್ತಿನ ಹರಳಿನ ಬಹುಪಾಲು ಬೆಳೆಯೋದು ಭಾರತದಲ್ಲಿ, ಅದರಲ್ಲೂ ಗುಜರಾತಿನಲ್ಲಿ. ಅಂದರೆ ಮಾರುಕಟ್ಟೆ ಇದೆ, ಕನಸಲ್ಲ.

‘ಮತ್ತೆ ಬೆಳೆಯುತ್ತೆ’ ಅಂದರೆ ಯಾರ ಖರ್ಚಿನಲ್ಲಿ?

ನನ್ನ ತಕರಾರು ಇಲ್ಲಿಂದ ಶುರು. ಕಳೆದ ಎರಡು ವರ್ಷ ಕಡಲೆಕಾಯಿಯಲ್ಲಿ ಅಕ್ಕಡಿ ಸಾಲಿಗೆ ಹರಳು ಹಾಕಿದೆ. ಬೀಜವನ್ನು ಚಳ್ಳಕೆರೆಯ ವ್ಯಾಪಾರಿಗೆ ಕೊಟ್ಟೆ. ಮುಂದಿನ ಮುಂಗಾರಿಗೆ ತೋಟಕ್ಕೆ ಅಂತ ಗೊಬ್ಬರದಂಗಡಿಯಿಂದ ಹರಳು ಹಿಂಡಿ ತಂದೆ. ಚೀಲದ ಮೇಲೆ ಬೇರೆ ರಾಜ್ಯದ ವಿಳಾಸ ಇತ್ತು. ಬೀಜ ಕೊಟ್ಟವನು ನಾನು, ಅದರ ಹಿಂಡಿಗೆ ಸಾಗಣೆ ಖರ್ಚೂ ಸೇರಿಸಿ ದುಡ್ಡು ಕೊಟ್ಟವನೂ ನಾನು!

ಈಗ ಲೆಕ್ಕ ನೋಡಿ. ಎಣ್ಣೆಯಲ್ಲಿ ಇರೋದು ಇಂಗಾಲ, ಜಲಜನಕ, ಆಮ್ಲಜನಕ ಅಷ್ಟೆ. ಇವೆಲ್ಲ ಗಿಡಕ್ಕೆ ಗಾಳಿಯಿಂದ, ಮಳೆ ನೀರಿನಿಂದ ಬಂದವು. ಎಣ್ಣೆ ಎಷ್ಟು ಹೊರಗೆ ಹೋದರೂ ಹೊಲಕ್ಕೆ ನಷ್ಟ ಇಲ್ಲ ಅನ್ನಬಹುದು. ಸಾರಜನಕ, ರಂಜಕ, ಪೊಟ್ಯಾಷ್ ಉಳಿಯೋದು ಹಿಂಡಿಯಲ್ಲಿ. ಒಂದು ಕ್ವಿಂಟಲ್ ಬೀಜ ಹಿಂಡಿದರೆ ಹೆಚ್ಚುಕಡಿಮೆ ಅರ್ಧ ಭಾಗ ಹಿಂಡಿ. ಅದರಲ್ಲಿ ಸುಮಾರು 2 ಕಿಲೋ ಸಾರಜನಕ. ಬೀಜ ಮಾರಿದಾಗ ನಾವು ಗಾಳಿ-ಮಳೆ ಕೊಟ್ಟಿದ್ದನ್ನು ಮಾತ್ರ ಮಾರ್ತಿಲ್ಲ, ಹೊಲದ ಸತ್ವವನ್ನೂ ಕಟ್ಟಿ ಕಳಿಸ್ತಿದ್ದೀವಿ.

ಕಾರ್ಖಾನೆ ತನ್ನ ಪ್ಲಾಸ್ಟಿಕ್ ಮೇಲೆ ‘ಸಸ್ಯಮೂಲ’ ಅಂತ ಬರೆದುಕೊಳ್ಳಲಿ, ಸಂತೋಷ. ಆದರೆ ಹಿಂಡಿ ಹೊಲಕ್ಕೆ ವಾಪಸ್ ಬರದಿದ್ದರೆ ಅದು ಪೂರ್ತಿ ಹಸಿರಲ್ಲ. ಮಣ್ಣನ್ನೂ ಒಂದು ಗಣಿ ಮಾಡಿಕೊಂಡ ಹಾಗೆ.

ಹಾಗಾದರೆ ಏನು ಮಾಡೋಣ?

‘ಪ್ರತಿ ಊರಲ್ಲೂ ಗಾಣ ಹಾಕಿ’ ಅಂತ ಹೇಳೋದು ಸುಲಭ. ಆದರೆ ಕಡಲೆಕಾಯಿ ಹಿಂಡುವ ಗಾಣದಲ್ಲಿ ಹರಳು ಹಿಂಡಬಾರದು, ತಿನ್ನುವ ಎಣ್ಣೆ ಕೆಡುತ್ತೆ. ಸಣ್ಣ ಗಿರಣಿಯಲ್ಲಿ ಹಿಂಡಿಯೊಳಗೆ ಎಣ್ಣೆ ಜಾಸ್ತಿ ಉಳಿಯುತ್ತೆ. ಕಾರ್ಖಾನೆಗೆ ಆಮ್ಲೀಯತೆ ಕಡಿಮೆ ಇರುವ ಎಣ್ಣೆಯೇ ಬೇಕು. ಅದಕ್ಕೆ ನನ್ನ ಸಲಹೆ ಇಷ್ಟೇ:

1. ಇಡೀ ಹೊಲಕ್ಕೆ ಹಾಕಬೇಡಿ. ಅಕ್ಕಡಿ ಸಾಲು, ಬದು ಸಾಕು. ಕಡಲೆಕಾಯಿಯ ಎಲೆ ತಿನ್ನುವ ಸ್ಪೊಡಾಪ್ಟೆರಾ ಪತಂಗ ಹರಳಿನ ಅಗಲ ಎಲೆ ಮೇಲೆ ಮೊಟ್ಟೆ ಗುಂಪು ಇಡುತ್ತೆ. ಆ ಎಲೆ ಕಿತ್ತು ನಾಶ ಮಾಡಿದರೆ ಒಂದು ಸಿಂಪರಣೆ ಉಳಿದರೂ ಉಳಿಯಿತು.

2. ಹರಳಿಗೆ ಕೇಂದ್ರದ ಬೆಂಬಲ ಬೆಲೆ ಇಲ್ಲ. ಗುಜರಾತಿನ ಮಾರುಕಟ್ಟೆ ಎತ್ತ ವಾಲುತ್ತೋ ನಮ್ಮ ಬೆಲೆಯೂ ಅತ್ತ. ಮೊಬೈಲಿನಲ್ಲಿ ಅಲ್ಲಿನ ದರ ನೋಡಿಕೊಂಡೇ ಬೀಜ ಕೊಡಿ.

3. ಬೀಜ ಚೆನ್ನಾಗಿ ಒಣಗಿಸಿ, ಒಡಕು ಬೇರೆ ಮಾಡಿ. ಒದ್ದೆ, ಒಡಕು ಬೀಜದಿಂದಲೇ ಎಣ್ಣೆಯ ಆಮ್ಲೀಯತೆ ಏರೋದು.

4. ಒಬ್ಬೊಬ್ಬರೇ ಮಾರಬೇಡಿ. ರೈತ ಉತ್ಪಾದಕ ಸಂಸ್ಥೆಯಿಂದ ಒಟ್ಟಿಗೆ ಲೋಡ್ ಕೊಡುವಾಗ ಒಂದು ಷರತ್ತು ಹಾಕಿ: ಬೆಲೆಯ ಒಂದು ಪಾಲು ದುಡ್ಡಿನ ಬದಲು ಹಿಂಡಿಯಾಗಿ ವಾಪಸ್ ಬರಬೇಕು.

5. ಹಿಂಡಿಯಲ್ಲಿ ರಿಸಿನ್ ಅನ್ನೋ ವಿಷ ಇರುತ್ತೆ. ದನ, ಕುರಿ, ನಾಯಿ ಬಾಯಿ ಹಾಕದ ಹಾಗೆ ಇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಾಕಿ, ಮಣ್ಣಲ್ಲಿ ಮುಚ್ಚಿ.

6. ‘ನಾವೇ ಕೊಳ್ತೀವಿ’ ಅಂತ ಬೀಜ ಮಾರುವವನು ಬಂದರೆ, ಬರಹದಲ್ಲಿ ಕೊಡು ಅನ್ನಿ. ಕೊಡದಿದ್ದರೆ ಟೀ ಕುಡಿಸಿ ಕಳಿಸಿ.

ನಾಲ್ಕನೆಯದನ್ನು ನಮ್ಮ ಸಂಘದ ಸಭೆಯಲ್ಲಿ ಇಟ್ಟಾಗ ಇಬ್ಬರು ನಕ್ಕರು, ಮೂವರು ತಲೆ ಆಡಿಸಿದರು. ಈ ಸುಗ್ಗಿಗೆ ಗಿರಣಿಯವರ ಹತ್ತಿರ ಕೇಳಿ ನೋಡೋಣ ಅಂತ ತೀರ್ಮಾನ ಆಗಿದೆ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಅಪ್ಪ ಮಾತ್ರ ಈ ಸಲ ‘ಯಾರು ಕೊಳ್ತಾರಂತೆ’ ಅನ್ನಲಿಲ್ಲ. “ಹಿಂಡಿ ಕೊಡ್ತಾರಾ ಮೊದಲು ಕೇಳು” ಅಂದರು.

ನೀವೂ ನಿಮ್ಮ ಕಡೆಯ ವ್ಯಾಪಾರಿಗೆ ಅದನ್ನೇ ಕೇಳಿ.